ಉಪ್ಪುಗಾಳಿಯ ಊರಿನಲ್ಲಿ ಓಮ್‌ನ ಲೆಕ್ಕ

ಒಂದು ವಿದ್ಯುತ್ ಉಪಕರಣಕ್ಕೆ ಎಷ್ಟು ವೋಲ್ಟೇಜ್ ಸಿಗುತ್ತಿದೆ, ಅದರೊಳಗೆ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬ ಎರಡು ಅಳತೆ ಕೈಯಲ್ಲಿದ್ದರೆ ಅದರ ರೋಧವೂ ಸಾಮರ್ಥ್ಯವೂ ಸಿಕ್ಕಂತೆಯೇ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ. ಮೊದಲನೆಯದರ ಅಳತೆ ಓಮ್, ಎರಡನೆಯದರದ್ದು ವಾಟ್. ಒಂದು ಭಾಗಾಕಾರ, ಒಂದು ಗುಣಾಕಾರ, ಇಷ್ಟೇ ಲೆಕ್ಕ. ಆದರೆ ಉಡುಪಿಯ ಪಡುವಣದಲ್ಲಿರುವ ಹೂಡೆಯಂಥ ಊರಿನಲ್ಲಿ ಈ ಲೆಕ್ಕಕ್ಕೆ ಹೆಚ್ಚಿನ ತೂಕವಿದೆ. ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸ್ವರ್ಣಾ ನದಿ, ನಡುವೆ ತೆಂಗಿನ ತೋಟಗಳ ಹೊಯಿಗೆ ನೆಲ. ವರ್ಷವಿಡೀ ಬೀಸುವ ಉಪ್ಪುಗಾಳಿ ಇಲ್ಲಿ ತಂತಿ, ಕಂಬ, ಸ್ವಿಚ್ಚು, ಮೀಟರ್ ಬೋರ್ಡುಗಳ ಓಮ್‌ಗಳನ್ನು ಸದ್ದಿಲ್ಲದೆ ಬದಲಿಸುತ್ತಲೇ ಇರುತ್ತದೆ.

ದಿನಬಳಕೆಯ ಮಾತಿನಲ್ಲಿ ‘ಕರೆಂಟು’ ಎಂದರೆ ವಿದ್ಯುತ್ತಿನ ಸರಬರಾಜೇ. ಕರೆಂಟು ಹೋಯಿತು, ಕರೆಂಟು ಬಂತು, ಕರೆಂಟು ಹೊಡೆಯಿತು, ಕರೆಂಟು ಕಮ್ಮಿ ಇದೆ. ಈ ಕೊನೆಯ ಮಾತನ್ನಾಡುವಾಗ ಕಮ್ಮಿ ಇರುವುದು ನಿಜಕ್ಕೂ ವೋಲ್ಟೇಜ್. ಲೆಕ್ಕಕ್ಕೆ ಇಳಿಯುವ ಮೊದಲು ಇವೆರಡನ್ನು ಬೇರ್ಪಡಿಸಿಕೊಳ್ಳಬೇಕು. ಕರೆಂಟ್ ಎಂದರೆ ಒಂದು ಸೆಕೆಂಡಿನಲ್ಲಿ ತಂತಿಯ ಒಂದು ಜಾಗವನ್ನು ದಾಟಿಹೋಗುವ ವಿದ್ಯುದಾವೇಶದ ಮೊತ್ತ. ಸೆಕೆಂಡಿಗೆ ಒಂದು ಕೂಲಮ್ ದಾಟಿದರೆ ಅದು 1 ಆಂಪಿಯರ್. ವೋಲ್ಟೇಜ್ ಎಂದರೆ ಒಂದೊಂದು ಕೂಲಮ್ ಉಪಕರಣದಲ್ಲಿ ಬಿಟ್ಟುಹೋಗುವ ಶಕ್ತಿ. ಒಂದು ಕೂಲಮ್ ಒಂದು ಜೂಲ್ ಶಕ್ತಿಯನ್ನು ಬಿಟ್ಟರೆ ಅದು 1 ವೋಲ್ಟ್. ಆದ್ದರಿಂದ ಎರಡನ್ನೂ ಗುಣಿಸಿದಾಗ ಬರುವುದು ಸೆಕೆಂಡಿಗೆ ಇಷ್ಟು ಜೂಲ್ ಎಂಬ ಲೆಕ್ಕ. ಅದನ್ನೇ ವಾಟ್ ಎನ್ನುವುದು. ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಎರಡು ವ್ಯಾಖ್ಯೆಗಳನ್ನು ಅರಿತಿರುವುದು ಮೇಲು; ಗುಣಾಕಾರ ಯಾಕೆ ಎಂಬುದು ಅಲ್ಲೇ ತಿಳಿಯುತ್ತದೆ.

ಭಾಗಾಕಾರದ ಕಥೆ ಬೇರೆ. ಲೋಹದ ತಂತಿಯೊಂದರ ಉಷ್ಣತೆ ಬದಲಾಗದಂತೆ ನೋಡಿಕೊಂಡರೆ, ವೋಲ್ಟೇಜ್ ಎರಡರಷ್ಟಾದಾಗ ಕರೆಂಟೂ ಎರಡರಷ್ಟಾಗುತ್ತದೆ. ಅವುಗಳ ಅನುಪಾತ ಕದಲುವುದಿಲ್ಲ. ಇದನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದವರು ಜರ್ಮನಿಯ ಗೇಯಾರ್ಗ್ ಸೈಮನ್ ಓಮ್. ಅವರು ಕಲೋನ್ ನಗರದಲ್ಲಿ ಶಾಲಾ ಶಿಕ್ಷಕರಾಗಿದ್ದವರು. ಆ ಕಾಲದ ಬ್ಯಾಟರಿಗಳ ವೋಲ್ಟೇಜ್ ಒಂದೇ ಸಮ ನಿಲ್ಲುತ್ತಿರಲಿಲ್ಲವಾದ್ದರಿಂದ ಬಿಸ್ಮತ್ ಮತ್ತು ತಾಮ್ರದ ಬೆಸುಗೆಯನ್ನು ಒಂದೆಡೆ ಕಾಯಿಸಿ, ಇನ್ನೊಂದೆಡೆ ತಣ್ಣಗಿಟ್ಟು ಸ್ಥಿರವಾದ ಮೂಲವೊಂದನ್ನು ಅವರು ಸಿದ್ಧಪಡಿಸಿಕೊಂಡರು. ಸೂತ್ರ ಚಿಕ್ಕದಾದರೂ ಅದರ ಹಿಂದಿನ ಅಳತೆ ಅಷ್ಟು ಸಲೀಸಾಗಿರಲಿಲ್ಲ. ಅನಂತರ 1840ರ ಸುಮಾರಿಗೆ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್, ತಂತಿಯಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ತೋರಿಸಿದರು. ಅಂದರೆ ಸಾಮರ್ಥ್ಯವನ್ನು ಕರೆಂಟ್ × ಕರೆಂಟ್ × ರೋಧ ಎಂದೂ ಬರೆಯಬಹುದು, ವೋಲ್ಟೇಜ್ × ವೋಲ್ಟೇಜ್ ÷ ರೋಧ ಎಂದೂ ಬರೆಯಬಹುದು. ಮೂರೂ ಒಂದೇ ಮಾತು. ಯಾವ ಅಳತೆ ಕೈಯಲ್ಲಿದೆಯೋ ಅದಕ್ಕೆ ತಕ್ಕ ರೂಪವನ್ನು ಆರಿಸಿಕೊಂಡರಾಯಿತು.

ಮನೆಯ ಇಸ್ತ್ರಿಪೆಟ್ಟಿಗೆಯಿಂದ ಶುರುಮಾಡಬಹುದು. ಅದರ ಮೇಲೆ 230 ವೋಲ್ಟ್, 1000 ವಾಟ್ ಎಂದು ಬರೆದಿದೆ ಎಂದಿಟ್ಟುಕೊಂಡರೆ ಕರೆಂಟ್ 1000 ÷ 230, ಅಂದರೆ 4.35 ಆಂಪಿಯರ್. ರೋಧ 230 ÷ 4.35, ಸುಮಾರು 52.9 ಓಮ್. ಬಚ್ಚಲುಮನೆಯ 2000 ವಾಟ್ ಗೀಸರಿಗೆ 8.7 ಆಂಪಿಯರ್ ಬೇಕು. ಅದರ ರೋಧ 26.45 ಓಮ್. ಹೆಚ್ಚು ವಾಟ್‌ನ ಉಪಕರಣಕ್ಕೆ ಕಡಿಮೆ ರೋಧ ಎಂಬುದು ಮೊದಲ ಸಲ ಕೇಳಿದವರಿಗೆ ತಿರುವುಮುರುವಾಗಿ ಕಾಣುತ್ತದೆ. ವೋಲ್ಟೇಜ್ ಕಟ್ಟುಹಾಕಿ ಕೊಟ್ಟಿರುವಾಗ ಕಡಿಮೆ ತಡೆ ಇದ್ದಲ್ಲಿ ಹೆಚ್ಚು ಕರೆಂಟ್ ಹರಿಯುತ್ತದೆ, ಹಾಗಾಗಿ ಸಾಮರ್ಥ್ಯವೂ ಹೆಚ್ಚುತ್ತದೆ.

ಹಳೆಯ 100 ವಾಟ್ ಬಲ್ಬಿನಲ್ಲಿ ಮಾತ್ರ ಒಂದು ವಿಚಿತ್ರ ಕಾಣಿಸುತ್ತದೆ. ಲೆಕ್ಕದ ಪ್ರಕಾರ ಅದರ ರೋಧ 529 ಓಮ್ ಇರಬೇಕು. ಆರಿದ ಬಲ್ಬನ್ನು ಕಳಚಿ ಮಲ್ಟಿಮೀಟರಿನಲ್ಲಿ ಅಳೆದರೆ 40 ಓಮ್‌ನ ಆಸುಪಾಸು ತೋರಿಸುತ್ತದೆ. ಎರಡೂ ಸರಿಯೇ. ಟಂಗ್‌ಸ್ಟನ್ ತಂತಿ ಉರಿಯುವಾಗ ಅದರ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಕಾದ ಲೋಹದ ರೋಧ ಹಲವು ಪಟ್ಟು ಏರಿರುತ್ತದೆ. ಸ್ವಿಚ್ಚು ಹಾಕಿದ ಕ್ಷಣದಲ್ಲಿ ತಣ್ಣಗಿನ ತಂತಿಗೆ ಐದಾರು ಆಂಪಿಯರ್ ನುಗ್ಗುತ್ತದೆ. ಅಂಥ ಬಲ್ಬುಗಳು ಉರಿಯುತ್ತಿರುವಾಗಲ್ಲ, ಹಾಕಿದ ಕೂಡಲೇ ‘ಟಪ್’ ಎಂದು ಹೋಗುತ್ತಿದ್ದದ್ದು ಇದರಿಂದಲೇ. ಓಮ್‌ನ ನಿಯಮಕ್ಕೆ ಉಷ್ಣತೆ ಬದಲಾಗಬಾರದು ಎಂಬ ಕಟ್ಟಳೆ ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸಾಮರ್ಥ್ಯವನ್ನು ಹೊತ್ತಿನಿಂದ ಗುಣಿಸಿದರೆ ಬಿಲ್ಲಿನ ಯೂನಿಟ್. 1000 ವಾಟ್ ಒಂದು ಗಂಟೆ ನಡೆದರೆ 1 ಯೂನಿಟ್. 2000 ವಾಟ್‌ನ ಗೀಸರಿಗೆ ಅರ್ಧ ಗಂಟೆ ಸಾಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ ತಿಂಗಳಿಗೆ 200 ಯೂನಿಟ್‌ನ ಮಿತಿಯತ್ತ ಮನೆಮನೆಯಲ್ಲೂ ಗಮನ ಹೋಗಿದೆ. ಯಾವ ಉಪಕರಣ ಎಷ್ಟು ಎಳೆಯುತ್ತಿದೆ ಎಂದು ತಿಳಿಯಲು ಸಾಧನವೇ ಬೇಕೆಂದಿಲ್ಲ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಪುಟ್ಟ ಕೆಂಪು ದೀಪವಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬುದು ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಆ ಸಂಖ್ಯೆ 3200 ಆಗಿದ್ದರೆ, ಉಳಿದದ್ದೆಲ್ಲ ಆರಿಸಿ ಇಸ್ತ್ರಿಪೆಟ್ಟಿಗೆಯೊಂದನ್ನೇ ಹಾಕಿ ಗಡಿಯಾರ ಹಿಡಿದು ನಿಂತರೆ ಹತ್ತು ಮಿಣುಕಿಗೆ 11.25 ಸೆಕೆಂಡ್ ಹಿಡಿಯಬೇಕು. ಹತ್ತು ಮಿಣುಕೆಂದರೆ 11,250 ಜೂಲ್, ಅದನ್ನು 11.25ರಿಂದ ಭಾಗಿಸಿದರೆ 1000 ವಾಟ್. ಹದಿನೆಂಟು ಸೆಕೆಂಡ್ ಹಿಡಿದರೆ ಪೆಟ್ಟಿಗೆಗೆ ಸಿಗುತ್ತಿರುವುದು 625 ವಾಟ್ ಮಾತ್ರ.

ಹಾಗೆ ಆಗುವುದುಂಟು. ಸಂಜೆ ಹೊತ್ತು ಎಲ್ಲ ಮನೆಗಳ ದೀಪ, ಫ್ಯಾನು, ಪಂಪು ಒಟ್ಟಿಗೆ ನಡೆಯುವಾಗ ಲೈನಿನ ಕೊನೆಯ ಮನೆಗೆ 180 ವೋಲ್ಟ್ ಸಿಗುತ್ತಿದೆ ಎನ್ನೋಣ. ಅದೇ 52.9 ಓಮ್‌ನ ಪೆಟ್ಟಿಗೆಯಲ್ಲಿ ಆಗ 3.4 ಆಂಪಿಯರ್ ಹರಿಯುತ್ತದೆ, ಸಾಮರ್ಥ್ಯ 612 ವಾಟ್. ವೋಲ್ಟೇಜ್ ಇಳಿದದ್ದು ನೂರಕ್ಕೆ 22ರಷ್ಟು, ಸಾಮರ್ಥ್ಯ ಇಳಿದದ್ದು ನೂರಕ್ಕೆ 39ರಷ್ಟು. ವೋಲ್ಟೇಜಿನ ವರ್ಗ ಲೆಕ್ಕಕ್ಕೆ ಬರುವುದರಿಂದ ನಷ್ಟ ಹೀಗೆ ಹಿಗ್ಗುತ್ತದೆ. ಇಸ್ತ್ರಿಗೆ ಇದರಿಂದ ಕೇಡೇನಿಲ್ಲ, ಬಟ್ಟೆಯ ಸುಕ್ಕು ಹೋಗಲು ಹೊತ್ತು ಹಿಡಿಯುತ್ತದೆ, ಅಷ್ಟೆ.

ಬಾವಿಯ ಪಂಪಿಗೆ ಈ ನ್ಯಾಯ ಅನ್ವಯಿಸುವುದಿಲ್ಲ. ಮೋಟಾರು ನೀರೆತ್ತಲೇಬೇಕು, ಆ ಕೆಲಸಕ್ಕೆ ಬೇಕಾದ ಸಾಮರ್ಥ್ಯ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಪಂಪು ಒಂದು ಅಶ್ವಶಕ್ತಿಯದು ಎನ್ನೋಣ, ಅಂದರೆ 746 ವಾಟ್. ದಕ್ಷತೆ ನೂರಕ್ಕೆ 65 ಎಂದುಕೊಂಡರೆ ಲೈನಿನಿಂದ ಎಳೆಯಬೇಕಾದದ್ದು ಸುಮಾರು 1150 ವಾಟ್. ಇಲ್ಲಿ ಇನ್ನೊಂದು ಅಂಶವೂ ಸೇರುತ್ತದೆ. ಸರಬರಾಜಾಗುವುದು ಪರ್ಯಾಯ ವಿದ್ಯುತ್ತು, ಮೋಟಾರಿನ ಸುರುಳಿಯಲ್ಲಿ ಕರೆಂಟ್ ವೋಲ್ಟೇಜಿಗಿಂತ ತುಸು ಹಿಂದೆ ಬೀಳುತ್ತದೆ. ಆದ್ದರಿಂದ ವೋಲ್ಟೇಜ್ × ಕರೆಂಟ್ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದ ಮತ್ತೆ ಗುಣಿಸಬೇಕು. ಅದು 0.8 ಇದ್ದರೆ 230 ವೋಲ್ಟಿನಲ್ಲಿ ಸುಮಾರು 6.2 ಆಂಪಿಯರ್ ಬೇಕು, 180 ವೋಲ್ಟಿಗೆ ಇಳಿದಾಗ ಸುಮಾರು 8 ಆಂಪಿಯರ್. ಸುರುಳಿಯೊಳಗಿನ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಒಂದೂವರೆ ಪಟ್ಟಿಗೂ ಮಿಕ್ಕುತ್ತದೆ. ಲೋ ವೋಲ್ಟೇಜಿನಲ್ಲಿ ಪಂಪು ಸುಟ್ಟುಹೋಗುವುದು ಹೀಗೆ. ಇದೇ ಪಂಪಿನಲ್ಲಿ 230ನ್ನು 6.2ರಿಂದ ಭಾಗಿಸಿದರೆ 37 ಓಮ್ ಬರುತ್ತದೆ. ಆದರೆ ಸುರುಳಿಯನ್ನು ನೇರವಾಗಿ ಅಳೆದರೆ ಕೆಲವೇ ಓಮ್ ಸಿಗುತ್ತದೆ. ತಿರುಗುವ ಮೋಟಾರು ತಾನೇ ಎದುರು ವೋಲ್ಟೇಜನ್ನು ಹುಟ್ಟಿಸಿ ಕರೆಂಟನ್ನು ತಡೆಹಿಡಿಯುತ್ತಿರುತ್ತದೆ. ಹೊಯಿಗೆ ಸಿಕ್ಕಿ ತಿರುಗಣೆ ನಿಂತಿತೋ, ಆ ಎದುರು ವೋಲ್ಟೇಜ್ ಇಲ್ಲವಾಗಿ ಕರೆಂಟ್ ಹಲವು ಪಟ್ಟು ಏರುತ್ತದೆ. ಮಲ್ಪೆಯ ಐಸ್ ಪ್ಲಾಂಟುಗಳ ಮೂರು ಫೇಸಿನ ದೊಡ್ಡ ಮೋಟಾರುಗಳಿಗೂ ಇದೇ ಮಾತು. ಅಲ್ಲಿ ಗುಣಾಕಾರಕ್ಕೆ 1.732 ಎಂಬ ಇನ್ನೊಂದು ಸಂಖ್ಯೆ ಸೇರುತ್ತದೆ, ವೋಲ್ಟೇಜ್ 415 ಎಂದು ಹಿಡಿಯಬೇಕು.

ಲೈನಿನ ಕೊನೆಗೆ ವೋಲ್ಟೇಜ್ ಇಳಿಯುವುದಾದರೂ ಯಾಕೆ? ತಂತಿಗೂ ರೋಧವಿದೆ. ಹಳ್ಳಿಗಳ ಕಂಬಗಳಲ್ಲಿ ಓಡುವ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರು: ಸ್ಕ್ವಿರಲ್, ವೀಸಲ್, ರ್‍ಯಾಬಿಟ್. ಮೂರರಲ್ಲಿ ಅಳಿಲು ತೆಳ್ಳಗಿನದು, ಮೊಲ ದಪ್ಪನೆಯದು. ಕಿಲೋಮೀಟರಿಗೆ ಅವುಗಳ ರೋಧ ಕ್ರಮವಾಗಿ ಸುಮಾರು 1.39, 0.93 ಮತ್ತು 0.55 ಓಮ್. ಟ್ರಾನ್ಸ್‌ಫಾರ್ಮರಿನಿಂದ ಅರ್ಧ ಕಿಲೋಮೀಟರ್ ದೂರದ ಮನೆಗೆ ಫೇಸಿನದ್ದೊಂದು, ನ್ಯೂಟ್ರಲಿನದ್ದೊಂದು ತಂತಿ ಸೇರಿ ಒಟ್ಟು ಒಂದು ಕಿಲೋಮೀಟರ್ ಆಗುತ್ತದೆ. ವೀಸಲ್ ತಂತಿಯಲ್ಲಿ 25 ಆಂಪಿಯರ್ ಹರಿದರೆ ದಾರಿಯಲ್ಲೇ 23 ವೋಲ್ಟ್ ಬಿದ್ದುಹೋಗುತ್ತದೆ, 580 ವಾಟ್‌ನಷ್ಟು ಶಕ್ತಿ ತಂತಿಯನ್ನು ಬೆಚ್ಚಗೆ ಮಾಡುವುದರಲ್ಲಿ ಮುಗಿಯುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಯ ಸರಬರಾಜಿಗೆ ಹಾಕಿದ್ದ ಮಿತಿ ನೂರಕ್ಕೆ 6ರಷ್ಟು ಏರಿಳಿತ. 230ಕ್ಕೆ ಅದು 14 ವೋಲ್ಟಿಗೂ ಕಡಿಮೆ. ಕುದ್ರುಗಳಂತೆ ನೀರು ಸುತ್ತುವರಿದ ನೆಲಕ್ಕೋ ಬೆಂಗ್ರೆಯಂಥ ಉದ್ದನೆಯ ಪಟ್ಟಿಗೋ ಒಂದೇ ದಿಕ್ಕಿನಿಂದ ಲೈನು ಎಳೆಯಬೇಕಾದಲ್ಲಿ ಈ ಲೆಕ್ಕ ಬಿಗಿಯಾಗುತ್ತ ಹೋಗುತ್ತದೆ.

ದೂರಕ್ಕೆ ಸಾಗಿಸುವಾಗ ವೋಲ್ಟೇಜನ್ನು ಸಾವಿರಗಟ್ಟಲೆ ಏರಿಸುವುದರ ಗುಟ್ಟೂ ಇಲ್ಲೇ ಇದೆ. ಸಾಗಬೇಕಾದ ಸಾಮರ್ಥ್ಯ ಅಷ್ಟೇ ಇದ್ದು ವೋಲ್ಟೇಜ್ ಹತ್ತು ಪಟ್ಟಾದರೆ ಕರೆಂಟ್ ಹತ್ತನೇ ಒಂದು, ತಂತಿಯ ನಷ್ಟ ನೂರನೇ ಒಂದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 92 ಮೈಲಿ ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು ಈ ಲೆಕ್ಕದ ಬಲದಿಂದ. ಉಡುಪಿ ಜಿಲ್ಲೆಯಲ್ಲೇ ಇಂದು ಎರಡು ದೊಡ್ಡ ಮೂಲಗಳಿವೆ. ಹೊಸಂಗಡಿಯ ನೆಲದಡಿಯಲ್ಲಿರುವ ವಾರಾಹಿ ಜಲವಿದ್ಯುದಾಗಾರ 460 ಮೆಗಾವಾಟಿನದು. ಕಾಪು ತಾಲ್ಲೂಕಿನ ಎಲ್ಲೂರಿನ ಕಲ್ಲಿದ್ದಲು ಸ್ಥಾವರದಲ್ಲಿ 600 ಮೆಗಾವಾಟಿನ ಎರಡು ಘಟಕಗಳು. 600 ಮೆಗಾವಾಟನ್ನು 230 ವೋಲ್ಟಿನಲ್ಲೇ ಕಳಿಸಹೊರಟರೆ 26 ಲಕ್ಷ ಆಂಪಿಯರ್ ಬೇಕಾಗುತ್ತಿತ್ತು. ಅಷ್ಟನ್ನು ಹೊರುವ ತಂತಿಯನ್ನು ಯಾವ ಕಂಬವೂ ತಾಳದು.

ಇಲ್ಲಿಯವರೆಗಿನ ರೋಧಗಳೆಲ್ಲ ಇರಬೇಕಾದ ಕಡೆ ಇರುವಂಥವು. ಕರಾವಳಿಯ ನಿಜವಾದ ತೊಂದರೆ ಇರಬಾರದ ಕಡೆ ಹುಟ್ಟಿಕೊಳ್ಳುವ ರೋಧದ್ದು. ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರ್ ಸಾಮಾನ್ಯವಾಗಿ ಅಲ್ಯೂಮಿನಿಯಂ, ಮನೆಯೊಳಗಿನ ವಯರಿಂಗ್ ತಾಮ್ರ. ಇವೆರಡನ್ನು ಬರಿಗೈಯಲ್ಲಿ ತಿರುಚಿ ಕಟ್ಟಿ ಟೇಪು ಸುತ್ತಿದ ಜಾಯಿಂಟನ್ನು ಎರಡು ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಬೇಕು. ತಾಮ್ರದ ಎಳೆಗಳ ಮೇಲೆ ಹಸುರು ಕಿಲುಬು, ಅಲ್ಯೂಮಿನಿಯಂ ಮೇಲೆ ಬಿಳಿ ಹುಡಿ, ಒಳಬದಿಯಲ್ಲಿ ಕಪ್ಪಾಗಿ ಸೀದ ಟೇಪಿನ ಅಂಟು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರಿನ ತೇವ ಕೂತರೆ ಅದೊಂದು ಪುಟ್ಟ ಬ್ಯಾಟರಿಯಂತೆ ವರ್ತಿಸಿ ಅಲ್ಯೂಮಿನಿಯಮನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಲೋಹಕ್ಕೆ ಲೋಹ ತಾಗುವ ಜಾಗ ಕಿರಿದಾಗುತ್ತ, ರೋಧ ಏರುತ್ತ ಹೋಗುತ್ತದೆ.

ಆ ಜಾಯಿಂಟಿನ ರೋಧ ಅರ್ಧ ಓಮ್‌ಗೆ ಬಂತು ಎನ್ನೋಣ. 10 ಆಂಪಿಯರ್ ಹರಿಯುವಾಗ ಬೀಳುವುದು ಬರೀ 5 ವೋಲ್ಟ್. ಮನೆಯವರ ಗಮನಕ್ಕೂ ಬಾರದು. ಆದರೆ ಅಲ್ಲಿ ಹುಟ್ಟುವ ಶಾಖ 10 × 10 × 0.5, ಅಂದರೆ 50 ವಾಟ್. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಐರನ್ 25 ವಾಟ್‌ನದ್ದು. ಅದರ ಎರಡರಷ್ಟು ಶಾಖ ಬೆರಳ ತುದಿಯಷ್ಟು ಜಾಗದಲ್ಲಿ, ಮರದ ಬೋರ್ಡಿನ ಹಿಂದೆ, ಗಂಟೆಗಟ್ಟಲೆ. ಹೆಚ್ಚು ಯೋಚಿಸಬೇಕಾದ ಸಂಗತಿ ಇನ್ನೊಂದಿದೆ: ಇದಕ್ಕೆ ಫ್ಯೂಸ್ ಹೋಗುವುದಿಲ್ಲ, ಎಂಸಿಬಿ ಬೀಳುವುದಿಲ್ಲ. ಅವು ಕಾಯುವುದು ಹೆಚ್ಚಾದ ಕರೆಂಟನ್ನು. ಇಲ್ಲಿ ಕರೆಂಟ್ ಮೊದಲಿಗಿಂತ ತುಸು ಕಡಿಮೆಯೇ ಆಗಿರುತ್ತದೆ. ಅಂಥ ಜಾಯಿಂಟಿಗೆ ಎರಡು ಲೋಹಗಳನ್ನೂ ಹೊಂದಿಸುವ ಬೈಮೆಟಲ್ ಕನೆಕ್ಟರ್ ಹಾಕಬೇಕು.

ಪತ್ತೆಹಚ್ಚುವ ದಾರಿ ಮತ್ತೆ ಅದೇ ಭಾಗಾಕಾರ. ಮೊದಲು ಏನೂ ಹಾಕದೆ ಸಾಕೆಟ್ಟಿನಲ್ಲಿ ವೋಲ್ಟೇಜ್ ಅಳೆಯಬೇಕು; 231 ಬಂತು. ಗೀಸರ್ ಹಾಕಿ ಪುನಃ ಅಳೆದಾಗ 222 ಬಂತು, ಕ್ಲ್ಯಾಂಪ್ ಮೀಟರ್ 8.4 ಆಂಪಿಯರ್ ತೋರಿಸಿತು. 9 ವೋಲ್ಟನ್ನು 8.4ರಿಂದ ಭಾಗಿಸಿದರೆ ದಾರಿಯ ರೋಧ 1.07 ಓಮ್, ಅಲ್ಲಿ ಕಳೆದುಹೋಗುತ್ತಿರುವುದು ಸುಮಾರು 76 ವಾಟ್. ಇದೇ ಅಳತೆಯನ್ನು ಮೀಟರ್ ಬೋರ್ಡಿನ ಬಳಿ ಮಾಡಿದಾಗ ವೋಲ್ಟೇಜ್ 2ರಷ್ಟೇ ಇಳಿದರೆ, ಉಳಿದ 7 ವೋಲ್ಟ್ ಬೀಳುತ್ತಿರುವುದು ಮನೆಯ ಒಳಗೇ. ಬೋರ್ಡಿನಲ್ಲೂ 9ರಷ್ಟು ಇಳಿದರೆ ದೋಷ ಸರ್ವಿಸ್ ವಯರಿನಲ್ಲೋ ಕಂಬದಲ್ಲೋ ಇದೆ. ಅದು ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಂನ ಪವರ್‌ಮ್ಯಾನ್ ಬಂದು ನೋಡಬೇಕಾದ ಕೆಲಸ. ಕ್ಲ್ಯಾಂಪ್ ಮೀಟರನ್ನು ಒಂದೇ ತಂತಿಗೆ ತೊಡಿಸಬೇಕು. ಹೋಗುವ ತಂತಿ, ಬರುವ ತಂತಿ ಎರಡನ್ನೂ ಒಟ್ಟಿಗೆ ಹಿಡಿದರೆ ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ. ಮಲ್ಟಿಮೀಟರಿನ ಓಮ್ ಗುರುತಿನಲ್ಲಿ ಜೀವಂತ ಲೈನನ್ನು ಎಂದೂ ಮುಟ್ಟಬಾರದು. ಬೋರ್ಡು ಬಿಚ್ಚಿ ಅಳೆಯುವುದೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಗೆ ಬಿಡಬೇಕಾದ ಮಾತು.

ವೋಲ್ಟೇಜ್ ಕಡಿಮೆಯಿದ್ದಲ್ಲಿ ಈ ರೋಧದ ಹೊಡೆತ ಇನ್ನೂ ಜೋರು. ದೋಣಿಯ ಎಂಜಿನ್ನು ಎಬ್ಬಿಸುವ 12 ವೋಲ್ಟಿನ ಬ್ಯಾಟರಿ ಸ್ಟಾರ್ಟರಿಗೆ 200 ಆಂಪಿಯರ್ ಕೊಡಬೇಕಾದಾಗ, ಟರ್ಮಿನಲ್ಲಿನ ಹುಡಿಯಡಿ ಒಂದು ಓಮ್‌ನ ನೂರನೇ ಒಂದು ಭಾಗ ಕೂತಿದ್ದರೂ 2 ವೋಲ್ಟ್ ಹೋಯಿತು. ಬ್ಯಾಟರಿ ಕೆಟ್ಟಿತೆಂದು ಹೊಸದು ತರುವ ಮೊದಲು ಬಿಸಿನೀರು ಹೊಯ್ದು ಟರ್ಮಿನಲ್ ಉಜ್ಜುವ ಪದ್ಧತಿಗೆ ಈ ಲೆಕ್ಕದ ಬೆಂಬಲವಿದೆ.

ಉಪ್ಪಿನ ಇನ್ನೊಂದು ಮುಖ, ರೋಧ ಇರಬೇಕಾದಲ್ಲಿ ಅದನ್ನು ಇಲ್ಲವಾಗಿಸುವುದು. ಬೇಸಿಗೆಯುದ್ದಕ್ಕೂ ಕಂಬದ ಪಿಂಗಾಣಿಗಳ ಮೇಲೆ ಉಪ್ಪಿನ ಪೊರೆ ಕೂರುತ್ತದೆ. ಒಣಗಿರುವಷ್ಟು ಹೊತ್ತು ಅದು ನಿರುಪದ್ರವಿ. ಮೊದಲ ತುಂತುರು ಬಿದ್ದಾಗ ಉಪ್ಪು ಕರಗಿ ವಿದ್ಯುತ್ತಿಗೆ ದಾರಿಯಾಗುತ್ತದೆ. ಜಡಿಮಳೆ ಬಂದು ತೊಳೆದ ಮೇಲೆ ಸರಿಹೋಗುತ್ತದೆ. ಮನೆಯ ತೇವದ ಗೋಡೆಯೂ ಹಾಗೆಯೇ. ವಯರಿನ ಹೊದಿಕೆ ಚೆನ್ನಾಗಿದ್ದರೆ ಅದರ ರೋಧ ಹತ್ತು ಲಕ್ಷ ಓಮ್‌ಗೂ ಮೇಲೆ, ಸೋರುವ ಕರೆಂಟ್ ಆಂಪಿಯರಿನ ಸಾವಿರದಲ್ಲಿ ಕಾಲು ಭಾಗದಷ್ಟೂ ಇಲ್ಲ. ಅದು 7,700 ಓಮ್‌ಗೆ ಕುಸಿದರೆ ಸೋರಿಕೆ 30 ಮಿಲಿಆಂಪಿಯರ್ ಮುಟ್ಟುತ್ತದೆ. ಆರ್‌ಸಿಸಿಬಿ ಎಂಬ ರಕ್ಷಕ ಸ್ವಿಚ್ಚು ಬೀಳುವ ಮಟ್ಟವೇ ಅದು. ಒದ್ದೆ ಮೈಯ ರೋಧವನ್ನು 1000 ಓಮ್ ಎಂದು ಹಿಡಿದರೆ 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ, ಜೀವ ತೆಗೆಯಲು ಸಾಲುವಷ್ಟು. ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆಂದು ಆರ್‌ಸಿಸಿಬಿಯನ್ನು ತಪ್ಪಿಸಿ ವಯರ್ ಕೊಡುವುದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ.

ಕೊನೆಯದು ಅರ್ತಿಂಗ್. ಇಲ್ಲಿ ರೋಧ ಕಡಿಮೆಯಾದಷ್ಟೂ ಒಳ್ಳೆಯದು. ವಾಷಿಂಗ್ ಮೆಷಿನ್ನಿನ ಫೇಸ್ ತಂತಿ ಒಳಗೆ ಕಿತ್ತು ತಗಡಿಗೆ ತಾಗಿತು ಎನ್ನೋಣ. ಮನೆಯ ಅರ್ತಿಂಗ್ 3 ಓಮ್, ಟ್ರಾನ್ಸ್‌ಫಾರ್ಮರಿನ ಬುಡದ್ದು 2 ಓಮ್ ಇದ್ದರೆ ಒಟ್ಟು 5 ಓಮ್, ಕರೆಂಟ್ 46 ಆಂಪಿಯರ್. 10 ಆಂಪಿಯರಿನ ಫ್ಯೂಸ್ ತಂತಿ ಬೇಗನೆ ಕರಗುತ್ತದೆ. ಮನೆಯದು 60 ಓಮ್ ಆಗಿದ್ದರೆ ಹರಿಯುವುದು 3.7 ಆಂಪಿಯರ್ ಮಾತ್ರ. ಫ್ಯೂಸ್ ಅಲುಗುವುದಿಲ್ಲ, ಮೆಷಿನ್ನಿನ ತಗಡು 222 ವೋಲ್ಟಿನಲ್ಲಿ ನಿಂತಿರುತ್ತದೆ. ಅರ್ತಿಂಗ್ ತಂತಿ ಇದೆ ಎನ್ನುವುದು ಬೇರೆ, ಅದು ಕೆಲಸ ಮಾಡುತ್ತದೆ ಎನ್ನುವುದು ಬೇರೆ.

ನೆಲದ ಗುಣವೂ ಊರಿಂದ ಊರಿಗೆ ಬೇರೆ. ಕಾರ್ಕಳದಲ್ಲಿ ಬಾಹುಬಲಿ ನಿಂತಿರುವಂಥ ಕರಿಬಂಡೆ, ಮಣಿಪಾಲದ ದಿಣ್ಣೆಯಲ್ಲಿ ಮುರಕಲ್ಲು, ಹೂಡೆಯಲ್ಲಿ ಹೊಯಿಗೆ. ಒಣಗಿದ ಹೊಯಿಗೆಯಲ್ಲಿ ಕಣಗಳ ನಡುವೆ ಗಾಳಿಯೇ ತುಂಬಿರುವುದರಿಂದ ವಿದ್ಯುತ್ತು ಸುಲಭವಾಗಿ ಹರಿಯದು. ಅದಕ್ಕೇ ಅರ್ತಿಂಗ್ ಗುಂಡಿಗೆ ಕೊಳವೆ ಇಳಿಸಿ ಸುತ್ತ ಇದ್ದಿಲು, ಕಲ್ಲುಪ್ಪು ತುಂಬಿ ನೀರು ಹೊಯ್ಯುವ ರೂಢಿ. ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಆ ತೇವವನ್ನು ವಾಹಕವಾಗಿಸುತ್ತದೆ. ಜಾಯಿಂಟನ್ನು ತಿಂದುಹಾಕಿದ ಉಪ್ಪೇ ಇಲ್ಲಿ ಬೇಕಾದ ವಸ್ತು. ಆದರೆ ಅದು ಗುಂಡಿಯೊಳಗಿನ ಕಬ್ಬಿಣದ ಕೊಳವೆಯನ್ನೂ ನಿಧಾನವಾಗಿ ತಿನ್ನುತ್ತಿರುತ್ತದೆ, ಮಳೆನೀರಿನೊಂದಿಗೆ ಹೊಯಿಗೆಯೊಳಗೆ ಬಸಿದೂ ಹೋಗುತ್ತದೆ. ಒಮ್ಮೆ ಮಾಡಿಸಿದ ಅರ್ತಿಂಗ್ ಎಂದೆಂದಿಗೂ ಸಾಕು ಎನ್ನುವಂತಿಲ್ಲ.

ಅದನ್ನು ಅಳೆಯುವ ಅರ್ತ್ ಟೆಸ್ಟರ್ ಮಾಡುವುದೂ ಅದೇ ಭಾಗಾಕಾರವನ್ನೇ. ದೂರದಲ್ಲಿ ಊರಿದ ಒಂದು ಮೊಳೆಯ ಮೂಲಕ ನೆಲಕ್ಕೆ ತಿಳಿದಷ್ಟು ಕರೆಂಟ್ ಹರಿಸುತ್ತದೆ, ನಡುವಿನ ಇನ್ನೊಂದು ಮೊಳೆಯಿಂದ ವೋಲ್ಟೇಜ್ ಓದುತ್ತದೆ. 20 ಮಿಲಿಆಂಪಿಯರಿಗೆ 0.9 ವೋಲ್ಟ್ ಬಂದರೆ 45 ಓಮ್. ಜುಲೈಯಲ್ಲಿ ಅಳೆದ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಅಳೆಯಬೇಕಾದದ್ದು ಬಾವಿಯ ನೀರು ಇಳಿದ, ಹೊಯಿಗೆ ಆಳದವರೆಗೂ ಒಣಗಿದ ಮೇ ಮೊದಲ ವಾರದಲ್ಲಿ. ಆಗ ಹೆಚ್ಚು ಬಂದರೆ ಇನ್ನೊಂದು ಕೊಳವೆಯನ್ನು, ಮೊದಲನೆಯದರ ಉದ್ದದ ಎರಡರಷ್ಟಾದರೂ ದೂರದಲ್ಲಿ ಇಳಿಸಿ ಎರಡನ್ನೂ ಜೋಡಿಸಬೇಕು. ಸಮಾಂತರವಾಗಿ ಜೋಡಿಸಿದ 45 ಓಮ್‌ನ ಎರಡು ಕೊಳವೆಗಳು ಸುಮಾರು 22.5 ಓಮ್‌ಗೆ ಇಳಿಯುತ್ತವೆ, ಮೂರಾದರೆ 15ಕ್ಕೆ.